ಕಾವಲಿಗಿಟ್ಟವನೇ ಕಳ್ಳ: ಒಂದೇ ತಿರುವು, ನಾಲ್ಕು ಬಗೆ

ಟೇಬಲ್ ಸುತ್ತ ಕೂತು, ಪಾತ್ರ ವಹಿಸಿ, ಡೈಸ್ ಹಾಕಿ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಕ್ಕೆ ನಾವು ಆಡಿಸಿದ ಕಥೆ ಒಂದೇ. 16ನೇ ಶತಮಾನದ ಬಸರೂರು, ಪೋರ್ಚುಗೀಸರು ಕಣ್ಣು ಹಾಕಿದ್ದ ಅಕ್ಕಿಯ ಬಂದರು. ಧಣಿಯೊಬ್ಬ 300 ಮುಡಿ (ಬೈಹುಲ್ಲಿನ ಕಟ್ಟು) ಅಕ್ಕಿ ತುಂಬಿದ ಮಂಜಿಯ (ಸರಕಿನ ಹಾಯಿದೋಣಿ) ಕಾವಲಿಗೆ ನಾಲ್ವರನ್ನು ಇಡುತ್ತಾನೆ. ರಾತ್ರಿ ಮಂಜಿ ಮಾಯ. ಕದ್ದವನು ಧಣಿಯೇ, ಅಕ್ಕಿ ಮೊದಲೇ ಮಾರಿಯಾಗಿದೆ, ಕಾವಲಿನವರು ಬೇಕಿದ್ದದ್ದು ಕಳ್ಳತನಕ್ಕೆ ಸಾಕ್ಷಿ ಹೇಳಲು. ಇದನ್ನೇ ಮಂಗಳೂರು, ಮಣಿಪಾಲದ ಬೇರೆ ಬೇರೆ ಟೇಬಲ್‌ಗಳಲ್ಲಿ ನಾಲ್ಕು ಬಗೆಯಲ್ಲಿ ಆಡಿಸಿ ನೋಡಿದ್ದು. ಪ್ರತಿ ಸಲ ಕಾವಲಿನವರಾಗಿ ನಾಲ್ವರು ಆಟಗಾರರು, ಒಬ್ಬ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವನು), ಸುಮಾರು ಮೂರೂವರೆ ಗಂಟೆ. ನೋಡಬೇಕಿದ್ದದ್ದು ಒಂದೇ: ತಿರುವು ಬಂದ ಮೇಲೆ ಆಟಗಾರರು ಅಲ್ಲಿಯವರೆಗೆ ಮಾಡಿದ ಕೆಲಸಕ್ಕೆ ಬೆಲೆ ಉಳಿಯುತ್ತದೋ ಇಲ್ಲವೋ.

ಜಿಎಂ ದೃಶ್ಯವನ್ನು ಮೊದಲೇ ಬರೆದಿಟ್ಟುಕೊಂಡು, ಮೂರನೇ ಗಂಟೆಗೆ ಧಣಿಯ ಬಣ್ಣ ಬಯಲು ಮಾಡುವ ಬಗೆಗೆ ಅರ್ಧ ಗಂಟೆಯ ತಯಾರಿ ಸಾಕು. ಅದರ ಗುಣ ಅಷ್ಟೇ. ಆಟಗಾರರು ಮೊದಲ ರಾತ್ರಿ ಇಬ್ಬರನ್ನು ಮಂಜಿಯೊಳಗೇ ಮಲಗಿಸಿದರೆ ಕಥೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಜಿಎಂ "ನಿಮಗೆ ಗಾಢ ನಿದ್ದೆ ಬಂತು" ಅನ್ನಬೇಕಾಗುತ್ತದೆ. ಇದೇ ರೈಲ್‌ರೋಡಿಂಗ್. ಒಮ್ಮೆ ಹಾಗೆ ಅಂದ ಜಿಎಂನ ಟೇಬಲ್‌ನಲ್ಲಿ ಆಮೇಲೆ ಯಾರೂ ಯೋಜನೆ ಹಾಕುವುದಿಲ್ಲ. "ಮುಂದೆ ಎಂತ ಆಗ್ತದೆ ಹೇಳಿ" ಅಂತ ಕೂತುಬಿಡುತ್ತಾರೆ.

ಎರಡನೆಯದು ಸುಳಿವಿನ ಬಗೆ. ಜಸ್ಟಿನ್ ಅಲೆಕ್ಸಾಂಡರ್ ಬರೆದ ಮೂರು ಸುಳಿವಿನ ನಿಯಮ ಜಿಎಂಗಳಿಗೆ ಬಾಯಿಪಾಠ: ಆಟಗಾರರು ಒಂದು ತೀರ್ಮಾನಕ್ಕೆ ಬರಬೇಕಾದರೆ ಕನಿಷ್ಠ ಮೂರು ಸುಳಿವು ಇಡಿ. ಯಾಕೆ ಮೂರು ಅನ್ನುವುದನ್ನು ಡಿ20 (ಇಪ್ಪತ್ತು ಮುಖದ ಡೈಸ್) ಲೆಕ್ಕವೇ ಹೇಳುತ್ತದೆ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಡಿಸಿ (ಮುಟ್ಟಬೇಕಾದ ಅಂಕ) 15, ಡೈಸಿಗೆ ಕೂಡಿಸುವ ಆಟಗಾರನ ಬಲ +3 ಇದ್ದರೆ 12 ಅಥವಾ ಹೆಚ್ಚು ಬೀಳಬೇಕು, ಸಾಧ್ಯತೆ ಶೇ. 45. ಅಂಥ ಮೂರು ಸುಳಿವು ಬೇರೆ ಬೇರೆ ಕಡೆ ಇದ್ದರೆ ಒಂದಾದರೂ ಸಿಗುವ ಸಾಧ್ಯತೆ ಶೇ. 83. ಆದರೆ ಮೂರನ್ನೂ ಒಂದೇ ಕೋಣೆಯಲ್ಲಿಟ್ಟು ಒಂದೇ ಸಲ ಡೈಸ್ ಹಾಕಿಸಿದರೆ ಅದು ಒಂದೇ ಸುಳಿವು, ಮತ್ತೆ ಶೇ. 45ಕ್ಕೇ ಬಂದು ನಿಲ್ಲುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ನಮ್ಮ ಮೂರು ಹೀಗಿದ್ದವು. ದಡದಲ್ಲಿ ಬಿದ್ದ ಒಂದು ಮುಡಿಯ ಬಳ್ಳಿ ಬಿಚ್ಚಿದರೆ ಮೇಲೆ ನಾಲ್ಕು ಬೆರಳಷ್ಟು ಅಕ್ಕಿ, ಕೆಳಗೆ ಬರೀ ಉಮಿ. ಧಣಿಯ ಮನೆಯ ಲೆಕ್ಕದಲ್ಲಿ ಹಣ ಜಮೆಯಾದ ದಿನ ಕಳ್ಳತನಕ್ಕಿಂತ ಮೂರು ದಿನ ಹಿಂದಿನದು. ಗಂಗೊಳ್ಳಿ ಅಳಿವೆಯ ದೋಣಿಯವನಿಗೆ ಆ ರಾತ್ರಿಯ ಉಬ್ಬರಕ್ಕೆ ಕಾದಿರು ಎಂದು ಮೊದಲೇ ಹೇಳಿಕಳಿಸಲಾಗಿತ್ತು. ಒಂದು ವಸ್ತು, ಒಂದು ಬರಹ, ಒಂದು ಬಾಯಿಮಾತು. ಜಾಗವೂ ಬೇರೆ, ಬೇಕಾದ ಜಾಣತನವೂ ಬೇರೆ. ಮುಡಿಯ ಸುಳಿವಿಗೆ ಪತ್ತೇದಾರಿ ಆಟಗಳ ಗಮ್‌ಶೂ ಪದ್ಧತಿಯಂತೆ ಡೈಸನ್ನೇ ತೆಗೆದೆವು: ಬಿಚ್ಚಿ ನೋಡಿದವನಿಗೆ ಕಾಣುತ್ತದೆ, ಅಷ್ಟೇ. ತುಳು, ಕೊಂಕಣಿ, ಕನ್ನಡ ಬೆರೆತ ಗಲಾಟೆಯ ಟೇಬಲ್‌ನಲ್ಲಿ ಬಾಯಲ್ಲಿ ಹೇಳಿದ ಸುಳಿವು ತೇಲಿಹೋಗುತ್ತದೆ, ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು.

ಇದರ ತೊಂದರೆ ತಿರುವು ಬೇಗ ಒಡೆಯುವುದು. ಒಂದೇ ಗಂಟೆಯಲ್ಲಿ ಧಣಿ ಸಿಕ್ಕಿಬಿದ್ದರೆ ಗಾಬರಿಯಾಗಿ ಸುಳಿವನ್ನು ಸುಳ್ಳು ಮಾಡಲು ಹೋಗಬಾರದು. ಸಿಕ್ಕಿಬಿದ್ದ ಧಣಿ ಎಂತ ಮಾಡುತ್ತಾನೆ ಎಂದು ಮೂರು ಸಾಲು ಮೊದಲೇ ಬರೆದಿಟ್ಟರೆ ಸಾಕು: ಪಾಲು ಕೊಡುತ್ತೇನೆ ಅನ್ನುತ್ತಾನೆ, ಇವರ ಮೇಲೆಯೇ ದೂರು ಹಾಕುತ್ತಾನೆ, ಅಳಿವೆ ದಾಟುತ್ತಾನೆ. ಇನ್ನೊಂದು ಹೊಂಡ ಇನ್‌ಸೈಟ್ ಡೈಸ್, ಅಂದರೆ ಎದುರಿನವನ ಮನಸ್ಸು ಓದಲು ಹಾಕುವ ಡೈಸ್. ಆಟಗಾರನಿಗೆ 19 ಬಿದ್ದಿದೆ, ಜಿಎಂ ಗುಟ್ಟು ಕಾಪಾಡಲು "ಅನುಮಾನ ಏನೂ ಕಾಣುವುದಿಲ್ಲ" ಅನ್ನುತ್ತಾನೆ. ಅದು ತಿರುವಲ್ಲ, ಸುಳ್ಳು. ಬದಲಿಗೆ "ಲೆಕ್ಕದ ಮಾತು ಬಂದಾಗಲೆಲ್ಲ ಧಣಿಯ ಕೈ ಎಲೆಅಡಿಕೆ ತಟ್ಟೆಗೆ ಹೋಗುತ್ತದೆ, ಆದರೆ ಬಾಯಿಗೆ ಹಾಕುವುದಿಲ್ಲ" ಅನ್ನಿ. ನಿಜವನ್ನೂ ಹೇಳಿದಂತಾಯಿತು, ಗುಟ್ಟೂ ಉಳಿಯಿತು.

ಮೂರನೆಯದು ಕ್ಲಾಕ್. ಅಪೋಕಲಿಪ್ಸ್ ವರ್ಲ್ಡ್ (2010), ಬ್ಲೇಡ್ಸ್ ಇನ್ ದ ಡಾರ್ಕ್ (2017) ಆಟಗಳಿಂದ ಹಬ್ಬಿದ ಉಪಾಯ. ಕಾಗದದ ಮೇಲೆ ಒಂದು ವೃತ್ತ, ಆರು ಮನೆ, ಎಲ್ಲರಿಗೂ ಕಾಣುವಂತೆ ಟೇಬಲ್ ನಡುವೆ. ಹೆಸರು "ಧಣಿಯ ಮೋಸ" ಅಂತ ಬರೆಯಬಾರದು, "ಬಂದರಿನಲ್ಲಿ ಯಾರಿಗೋ ಅವಸರ" ಅಂತ ಬರೆಯಬೇಕು. ಎರಡು ಮನೆ ತುಂಬಿದಾಗ ಒಂದು ಕುರುಹು, ನಾಲ್ಕಕ್ಕೆ ಇನ್ನೊಂದು, ಆರಕ್ಕೆ ಮಂಜಿ ಸಮುದ್ರ ಸೇರುತ್ತದೆ. ಇಲ್ಲಿ ತಪ್ಪಿದ್ದು ಆಟದ ಗತಿಯ ಲೆಕ್ಕ. ಆಟಗಾರರ ಒಂದೊಂದು ಎಸೆತಕ್ಕೆ ಎರಡು ಡಿ6 (ಆರು ಮುಖದ ಡೈಸ್), ಬಲ +1 ಇಟ್ಟು, 7ರಿಂದ 9 ಬಂದರೆ ಒಂದು ಮನೆ, 6 ಅಥವಾ ಕಡಿಮೆಗೆ ಎರಡು ಮನೆ ತುಂಬಿಸಿದರೆ ಸರಾಸರಿ ಪ್ರತಿ ಎಸೆತಕ್ಕೆ ಸರಿಯಾಗಿ ಒಂದು ಮನೆ ಬೀಳುತ್ತದೆ. ಆರು ಎಸೆತಕ್ಕೆ ಕ್ಲಾಕ್ ಭರ್ತಿ. ಚಹಾ ಬರುವ ಮೊದಲೇ ಮಂಜಿ ಹೋಯಿತು. 6 ಅಥವಾ ಕಡಿಮೆ ಬಂದಾಗ ಮಾತ್ರ ಒಂದು ಮನೆ ಅಂತ ಇಟ್ಟರೆ ಸುಮಾರು 22 ಎಸೆತ ಬೇಕು, ಇಡೀ ಸಂಜೆಗೆ ಸಾಕಾಗುತ್ತದೆ. ಆಟಿಯ ಮಳೆಗೆ ಕರೆಂಟ್ ಹೋದರೂ ಕಾಗದದ ಕ್ಲಾಕ್ ನಿಲ್ಲುವುದಿಲ್ಲ ಅನ್ನುವುದು ಬೇರೆ ಲಾಭ. ನಮ್ಮ ಒಲವು ಇದಕ್ಕೇ, ಎರಡನೆಯ ಬಗೆಯ ಸುಳಿವುಗಳನ್ನು ಜೊತೆಗೆ ಸೇರಿಸಿಕೊಂಡು. ಮಂಜಿ ಹೋಗುವುದನ್ನು ತಡೆಯಲು ಆಟಗಾರರಿಗೆ ನಿಜವಾಗಿಯೂ ಆಗುತ್ತದೆ; ತಡೆದರೂ ಧಣಿಯ ಮೋಸ ಮೋಸವೇ.

ಕೊನೆಯದು ಫೇಟ್ ಎಂಬ ಆಟದ ಪದ್ಧತಿಯ ಕಂಪೆಲ್, ಅಂದರೆ ಪಾತ್ರವನ್ನು ಅದರ ಗುಣದಿಂದಲೇ ಇಕ್ಕಟ್ಟಿಗೆ ಸಿಕ್ಕಿಸುವುದು. ಪಾತ್ರದ ಗುಣ "ಧಣಿಯ ಋಣದಲ್ಲಿರುವವ" ಅಂತಿದ್ದರೆ ಜಿಎಂ ಒಂದು ಫೇಟ್ ಪಾಯಿಂಟ್ (ಆಟದಲ್ಲಿ ಬೇಕಾದಾಗ ಖರ್ಚು ಮಾಡುವ ಅಂಕ) ಮುಂದಿಟ್ಟು "ಲೆಕ್ಕದ ಪುಸ್ತಕ ಕಂಡರೂ ನೀನು ಸುಮ್ಮನಿರುತ್ತಿ, ಒಪ್ಪಿಗೆಯಾ?" ಎಂದು ಕೇಳುತ್ತಾನೆ. ಒಪ್ಪಿದರೆ ಪಾಯಿಂಟ್ ನಿಮ್ಮದು, ಬೇಡವಾದರೆ ನಿಮ್ಮದೊಂದು ಕೊಡಬೇಕು. ಬೆಚ್ಚಿಬೀಳುವ ಸುಖ ಇಲ್ಲ, ಗುಟ್ಟು ಟೇಬಲ್‌ಗೆಲ್ಲ ಗೊತ್ತು. ಆದರೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಕೂಡಲೇ ಹಿಡಿಸುತ್ತದೆ: ವಾಲಿ ಸಾಯುತ್ತಾನೆ ಅಂತ ಅರ್ಥಧಾರಿಗೂ ಗೊತ್ತು, ಸಭೆಗೂ ಗೊತ್ತು, ರುಚಿ ಇರುವುದು ಸಾಯುವ ಮೊದಲು ರಾಮನಿಗೆ ಹಾಕುವ ಪ್ರಶ್ನೆಯಲ್ಲಿ. ಮಾತು ಬಲ್ಲ ಆಟಗಾರರಿದ್ದರೆ ಈ ಬಗೆ ಉಳಿದ ಮೂರನ್ನೂ ಮೀರಿಸುತ್ತದೆ, ಮೌನಿಗಳಿದ್ದರೆ ಸಪ್ಪೆ. ಒಂದು ಎಚ್ಚರ: ಆರಂಭದಲ್ಲಿ ಸಾಮಾನ್ಯವಾಗಿ ಮೂರು ಪಾಯಿಂಟ್ ಇರುತ್ತದೆ, ಮೂರನೇ ಗಂಟೆಗೆ ಹಲವರದು ಖಾಲಿ. ಖಾಲಿ ಕೈಯವನಿಗೆ ಕಂಪೆಲ್ ನಿರಾಕರಿಸಲು ದಾರಿಯೇ ಇಲ್ಲ, ಕೇಳಿದ್ದು ಹೆಸರಿಗೆ ಮಾತ್ರ. ಪಾಯಿಂಟ್‌ಗೆ ಚೆನ್ನೆಮಣೆಯ ಮಂಜೊಟ್ಟಿ ಕಾಯಿ ಬಳಸಿದರೆ ಯಾರ ಮುಂದೆ ಎಷ್ಟಿದೆ ಎಂದು ದೂರದಿಂದಲೇ ಕಾಣುತ್ತದೆ. ಒಂದೂ ಇಲ್ಲದವನ ಕಡೆಗೆ ದೊಡ್ಡ ತಿರುವು ತಿರುಗಿಸಬೇಡಿ.