ಲೈಟ್ ಮಿನರಲ್ ಆಯಿಲ್: ಹಲವು ವರ್ಷ ಲ್ಯಾಬ್‌ನಲ್ಲಿ ಬಳಸಿದ ಮೇಲೆ

ನಮ್ಮದು ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬ್. ಲೈಟ್ ಮಿನರಲ್ ಆಯಿಲ್ ಅಂದರೆ ಪೆಟ್ರೋಲಿಯಂನಿಂದ ತೆಗೆದ ತೆಳು ಎಣ್ಣೆ. ಅದರ ಅರ್ಧ ಲೀಟರ್ ಬಾಟಲಿ ಹಲವು ವರ್ಷಗಳಿಂದ ತರಿಸುತ್ತಿದ್ದೇವೆ. ಬಣ್ಣ ಇಲ್ಲ, ವಾಸನೆ ಇಲ್ಲ, ನೀರಿನ ಜೊತೆ ಬೆರೆಯುವುದಿಲ್ಲ. ಒಂದು ಮಿಲಿಲೀಟರ್ ಸುಮಾರು 0.84 ಗ್ರಾಂ ತೂಗುತ್ತದೆ. ಹಾಗಾಗಿ ನೀರಿನ ಮೇಲೆ ತಾನಾಗಿ ನಿಂತು ಮುಚ್ಚಳದ ಕೆಲಸ ಮಾಡುತ್ತದೆ. ನಮಗೆ ಬೇಕಿರುವುದೂ ಅದೇ.

ಜಾಸ್ತಿ ಖರ್ಚಾಗುವುದು ಫಂಗಸ್ ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿದ ಫಂಗಸ್, ಕಾಪಾಡಲು. ಅಗಾರ್ ಸ್ಲಾಂಟ್ (ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾದ ಪೋಷಕ ಜೆಲ್ಲಿ) ಮೇಲೆ ಫಂಗಸ್ ಚೆನ್ನಾಗಿ ಬೆಳೆದ ನಂತರ ಸ್ಟೆರೈಲ್, ಅಂದರೆ ಸೂಕ್ಷ್ಮಜೀವಿಗಳಿಲ್ಲದ, ಎಣ್ಣೆ ಸುರಿಯುತ್ತೇವೆ. ಸ್ಲಾಂಟ್‌ನ ತುದಿಗಿಂತ 1 ಸೆಂಟಿಮೀಟರ್ ಮೇಲೆ ಎಣ್ಣೆ ನಿಲ್ಲಬೇಕು. ತುದಿ ಚೂರು ಹೊರಗೆ ಉಳಿದರೂ ಅಲ್ಲಿಂದಲೇ ಅಗಾರ್ ಒಣಗಲು ಶುರುವಾಗುತ್ತದೆ. ಬ್ಯುಯೆಲ್ ಮತ್ತು ವೆಸ್ಟನ್ ಎಂಬ ಸಂಶೋಧಕರು ಈ ವಿಧಾನದ ಬಗ್ಗೆ 1947ರಲ್ಲೇ ಬರೆದಿದ್ದರು. ಮೈನಸ್ 80 ಡಿಗ್ರಿ ಫ್ರೀಜರ್ ಇಲ್ಲದ, ಕರೆಂಟ್ ಹೋಗಿ ಬರುವ ಲ್ಯಾಬ್‌ಗೆ ಇದು ದೊಡ್ಡ ಆಸರೆ. ವರ್ಷಗಟ್ಟಲೆ ಇಟ್ಟ ಟ್ಯೂಬಿನಿಂದ ಫಂಗಸ್ ಮತ್ತೆ ಚಿಗುರಿದಾಗ ಆಗುವ ಖುಷಿಯೇ ಬೇರೆ.

ಸಬ್‌ಕಲ್ಚರ್ ಮಾಡುವಾಗ, ಅಂದರೆ ಹಳೆಯ ಟ್ಯೂಬಿನ ಫಂಗಸ್ಸನ್ನು ಹೊಸ ಪ್ಲೇಟಿಗೆ ಹಾಕುವಾಗ, ಲೂಪನ್ನು (ಫಂಗಸ್ ಎತ್ತುವ ತಂತಿಯ ಉಂಗುರ) ಟ್ಯೂಬಿನ ಗೋಡೆಗೆ ತಾಗಿಸಿ ಎಣ್ಣೆ ಬಸಿಯಿರಿ. ಮೊದಲ ಪ್ಲೇಟಿನಲ್ಲಿ ಜಿಡ್ಡು ಇದ್ದೇ ಇರುತ್ತದೆ, ಬೆಳವಣಿಗೆಯೂ ನಿಧಾನ. ಅಲ್ಲಿಂದ ಇನ್ನೊಂದು ಪ್ಲೇಟಿಗೆ ಹಾಕಿದರೆ ಸರಿಹೋಗುತ್ತದೆ. ಎಣ್ಣೆ ಹತ್ತಿದ ಲೂಪನ್ನು ಸೀದಾ ಬರ್ನರ್‌ಗೆ ಹಿಡಿಯಬೇಡಿ. ಚಟಪಟ ಅಂತ ಸಿಡಿಯುತ್ತದೆ, ಜೊತೆಗೆ ಫಂಗಸ್‌ನ ಸ್ಪೋರ್‌ಗಳೂ (ಬೀಜಕಣ) ಸಿಡಿಯುತ್ತವೆ.

ಸ್ಟೆರಿಲೈಸ್ ಮಾಡಲು ಹಾಟ್ ಏರ್ ಓವನ್ ಬಳಸಿ, 160 ಡಿಗ್ರಿಯಲ್ಲಿ 2 ಗಂಟೆ. ಆಟೋಕ್ಲೇವ್‌ನ ಆವಿ ಎಣ್ಣೆಯೊಳಕ್ಕೆ ಇಳಿಯುವುದಿಲ್ಲ, ಮೇಲಾಗಿ ನೀರು ಸೇರಿ ಎಣ್ಣೆ ಮಬ್ಬಾಗುತ್ತದೆ.

ವಿದ್ಯಾರ್ಥಿಗಳಿಗೆ ಇದರ ಪರಿಚಯ ಆಗುವುದು ಹ್ಯೂ–ಲೀಫ್ಸನ್ ಟೆಸ್ಟಿನಲ್ಲಿ. ಬ್ಯಾಕ್ಟೀರಿಯಾ ಸಕ್ಕರೆಯನ್ನು ಗಾಳಿ ಇಲ್ಲದೆಯೂ ಹುಳಿ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಒಂದೇ ಬ್ಯಾಕ್ಟೀರಿಯಾಗೆ ಸಕ್ಕರೆ ಇರುವ ಹಸಿರು ಮೀಡಿಯಂನ (ಬೆಳೆಯಲು ಬೇಕಾದ ಆಹಾರ) ಎರಡು ಟ್ಯೂಬ್, ಒಂದರ ಮೇಲೆ ಎಣ್ಣೆ, ಇನ್ನೊಂದು ತೆರೆದದ್ದು. ಹುಳಿಯಾದರೆ ಹಸಿರು ಹಳದಿಯಾಗುತ್ತದೆ. ಎರಡೂ ಹಳದಿಯಾದರೆ ಅದು ಗಾಳಿ ಇಲ್ಲದೆಯೂ ಸಕ್ಕರೆ ಹುಳಿ ಮಾಡುತ್ತದೆ. ತೆರೆದದ್ದು ಮಾತ್ರ ಹಳದಿಯಾದರೆ ಅದಕ್ಕೆ ಗಾಳಿ ಬೇಕೇ ಬೇಕು. ಇಲ್ಲಿ ಎಣ್ಣೆ ಹಾಕಲು ಜಿಪುಣತನ ಬೇಡ. ಆಮ್ಲಜನಕ ಎಣ್ಣೆಯಲ್ಲೂ ಕರಗುತ್ತದೆ, ಪದರ ತೆಳುವಾದರೆ ನಿಧಾನವಾಗಿ ಕೆಳಗಿಳಿದು ಫಲಿತಾಂಶ ಕೆಡಿಸುತ್ತದೆ.

ನಮ್ಮ ಹಳೆಯ ಪಿಸಿಆರ್ ಯಂತ್ರಕ್ಕೆ (ಟ್ಯೂಬನ್ನು ಬಿಸಿ ಮಾಡಿ ತಣಿಸುತ್ತಾ ಡಿಎನ್‌ಎ ನಕಲು ಮಾಡುವ ಯಂತ್ರ) ಬಿಸಿಯಾಗುವ ಮುಚ್ಚಳ ಇಲ್ಲ. ಎಣ್ಣೆ ಹಾಕದಿದ್ದರೆ 95 ಡಿಗ್ರಿಯಲ್ಲಿ ನೀರು ಆವಿಯಾಗಿ ಟ್ಯೂಬಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಕೆಳಗೆ ಎಲ್ಲದರ ಪ್ರಮಾಣ ತಪ್ಪುತ್ತದೆ. ಒಂದು ಹನಿ ಎಣ್ಣೆ ಸಾಕು. ಕೊನೆಯಲ್ಲಿ ಎಣ್ಣೆ ಬಿಟ್ಟು ಸ್ಯಾಂಪಲ್ ಮಾತ್ರ ತೆಗೆಯುವುದು ಕಿರಿಕಿರಿ. ಅದಕ್ಕೊಂದು ಉಪಾಯ ಇದೆ. ಹನಿಯನ್ನು ಪ್ಯಾರಾಫಿಲ್ಮ್ (ಮೇಣದಂಥ ತೆಳು ಹಾಳೆ) ಮೇಲೆ ಬಿಟ್ಟು ಮೆಲ್ಲಗೆ ಉರುಳಿಸಿ. ಎಣ್ಣೆ ಫಿಲ್ಮಿಗೆ ಅಂಟಿ ಹಿಂದೆ ಉಳಿಯುತ್ತದೆ, ನೀರಿನ ಹನಿ ಮುಂದೆ ಹೋಗುತ್ತದೆ. ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ನೋಡುವ ಜೆಲ್‌ಗೆ ಹಾಕಲು ಅಷ್ಟು ಶುದ್ಧವಾದರೆ ಸಾಕು.

ಕೆಮಿಸ್ಟ್ರಿಯವರು ಇದನ್ನು ನುಜಾಲ್ ಅನ್ನುತ್ತಾರೆ. ಪುಡಿಯನ್ನು ಇದರಲ್ಲಿ ಅರೆದು ಐಆರ್ ಸ್ಪೆಕ್ಟ್ರಮ್, ಅಂದರೆ ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂಬ ನಕ್ಷೆ, ತೆಗೆಯುತ್ತಾರೆ. ಅದರಲ್ಲಿ 2900, 1460, 1375 cm⁻¹ ಆಸುಪಾಸಿನ ಗೆರೆಗಳು ಎಣ್ಣೆಯವೇ. ಸ್ಯಾಂಪಲ್‌ದು ಅಂದುಕೊಳ್ಳಬೇಡಿ.

ಭ್ರೂಣದ ಕಲ್ಚರ್ ಮಾಡುವವರಿಗೆ ಮಾತ್ರ ನಾನು ಈ ಸಾಧಾರಣ ಬಾಟಲಿ ಬೇಡ ಎನ್ನುತ್ತೇನೆ. ಅಲ್ಲಿ ಚಿಕ್ಕ ಮೀಡಿಯಂ ಹನಿ ಒಣಗದಂತೆ ಎಣ್ಣೆ ಮುಚ್ಚುತ್ತಾರೆ, ಕೆಲಸ ಅದೇ. ಆದರೆ ಬೆಳಕು ಮತ್ತು ಬಿಸಿಗೆ ಎಣ್ಣೆಯಲ್ಲಿ ಪೆರಾಕ್ಸೈಡ್ ಹುಟ್ಟುತ್ತದೆ, ಅದು ಭ್ರೂಣಕ್ಕೆ ವಿಷ. ಕಣ್ಣಿಗೆ ಏನೂ ಕಾಣುವುದಿಲ್ಲ. ಇಲಿ ಭ್ರೂಣದ ಮೇಲೆ ಪರೀಕ್ಷಿಸಿದ ಲಾಟನ್ನೇ (ಒಂದೇ ಸಲ ತಯಾರಾದ ಸರಕು) ಕೊಳ್ಳಬೇಕು, ದುಬಾರಿಯಾದರೂ ಸರಿ. ಮೀಡಿಯಂಗೆ ಪ್ರೊಜೆಸ್ಟೆರಾನ್‌ನಂಥ ಹಾರ್ಮೋನ್ ಹಾಕಿದ್ದರೆ ಅದು ಎಣ್ಣೆಗೆ ಸೇರಿಹೋಗುತ್ತದೆ ಅನ್ನುವುದೂ ನೆನಪಿರಲಿ.

ಒಂದು ಸಲ ಸಪ್ಲೈಯರ್ ಒಬ್ಬರು ಲಾಟ್ ನಂಬರ್ ಇಲ್ಲದ ಪಾರದರ್ಶಕ ಕ್ಯಾನಿನಲ್ಲಿ ಕಳಿಸಿದ್ದರು. ವಾಪಸ್ ಕಳಿಸಿದೆವು. ಲೇಬಲ್ ಮೇಲೆ ಲಾಟ್ ನಂಬರ್, ತೆರೆದ ತಾರೀಕು ಎರಡೂ ಇರಲಿ. ಬಾಟಲಿ ಕಂದು ಬಣ್ಣದ್ದಾಗಿರಲಿ, ಕಪಾಟಿನ ಒಳಗಿರಲಿ. ಲೇಟೆಕ್ಸ್ ಗ್ಲವ್ಸ್ ಈ ಎಣ್ಣೆಗೆ ಉಬ್ಬಿ ಹಾಳಾಗುತ್ತವೆ, ನೈಟ್ರೈಲ್ ಹಾಕಿಕೊಳ್ಳಿ. ಮಿಕ್ಕ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಬೇರೆ ಡಬ್ಬದಲ್ಲಿ ಕೂಡಿಡಿ. ಕಲ್ಚರ್ ತಾಗಿದ ಎಣ್ಣೆಯನ್ನು ಇದಕ್ಕೆ ಬೆರೆಸಬೇಡಿ, ಅದು ಬಯೋ ವೇಸ್ಟ್ ಜೊತೆ ಹೋಗಬೇಕು.