ಡೆಪ್ತ್ ಚಾರ್ಜ್‌ಗೋಸ್ಕರವಾದರೂ ಕೊಳ್ಳಬಹುದಾದ ಹಡಗು

ಎರಡನೇ ಮಹಾಯುದ್ಧದ ಫ್ಲವರ್ ಕ್ಲಾಸ್ ಕಾರ್ವೆಟ್, ಅಂದರೆ ಸಬ್‌ಮರೀನ್ ಬೇಟೆಯ ಬೆಂಗಾವಲು ಹಡಗಿನ ಪ್ಲಾಸ್ಟಿಕ್ ಕಿಟ್ ಇದು. ಆನ್‌ಲೈನ್‌ನಲ್ಲಿ ಮಡಿಕೇರಿಗೆ ತರಿಸಿಕೊಂಡೆ. ಅಳತೆ 1:350, ಜೋಡಿಸಿದರೆ ಸುಮಾರು 18 ಸೆಂಟಿಮೀಟರ್. ಇಷ್ಟಕ್ಕೆ ಅಷ್ಟು ದುಡ್ಡಾ ಅಂತ ಮನೆಯಲ್ಲಿ ಕೇಳೇ ಕೇಳ್ತಾರೆ. ನನ್ನ ಪ್ರಕಾರ ಮೋಸ ಇಲ್ಲ.

ಹಿಂಭಾಗ ನೋಡಿ. ಎರಡು ಹಳಿಗಳ ಮೇಲೆ ರಾಗಿ ಕಾಳಿಗಿಂತ ತುಸು ದಪ್ಪದ ಪೀಪಾಯಿಗಳು ಸಾಲಾಗಿ ಕೂತಿವೆ, ಅವೇ ಡೆಪ್ತ್ ಚಾರ್ಜ್. ಎಷ್ಟು ಆಳದಲ್ಲಿ ಸಿಡಿಯಬೇಕು ಅಂತ ಮೊದಲೇ ಸೆಟ್ ಮಾಡಿ ನೀರಿಗೆ ಉರುಳಿಸುತ್ತಿದ್ದರು, ಆ ಆಳದ ಒತ್ತಡಕ್ಕೆ ಸಿಡಿಯುತ್ತಿತ್ತು. ಆದರೆ ಹಡಗು ಸಬ್‌ಮರೀನ್ ತಲೆ ಮೇಲೆ ಬರುವ ಹೊತ್ತಿಗೆ ಆಸ್ಡಿಕ್ ಅನ್ನೋ ಆಗಿನ ಸೋನಾರ್‌ಗೆ ಅದು ಕೇಳಿಸುತ್ತಲೇ ಇರಲಿಲ್ಲ, ಬಾಂಬು ಬೀಳೋದು ಹಿಂದಿನಿಂದ, ಹಾಗಾಗಿ ಕೊನೇ ಗಳಿಗೆ ಬರೀ ಅಂದಾಜು! ಮುಂದಕ್ಕೆ 24 ಬಾಂಬು ಎಸೆಯುವ ಹೆಜ್‌ಹಾಗ್ ಆಮೇಲೆ ಬಂತು. ಈ ಕಿಟ್ ಶುರುವಿನ ಹಡಗಿನದ್ದು, ಅದಕ್ಕೇ ಅದಿಲ್ಲ. ಸರಿಯಾಗೇ ಇದೆ.

ಮುಂದಿನ ಗಿಡ್ಡ ಡೆಕ್ಕೂ ಚೆನ್ನಾಗಿ ಬಂದಿದೆ. ನಾವಿಕರು ಮಲಗೋದು ಮುಂದೆ, ಅಡುಗೆಮನೆ ಹಿಂದೆ, ನಡುವೆ ಅಲೆ ಬಡಿಯುವ ಬಯಲು. ಊಟ ಕೈಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಡೆಕ್ ಉದ್ದ ಮಾಡಿದ್ದು ಆಮೇಲೆ. ವೇಗ 16 ನಾಟ್, ನೀರಿನ ಮೇಲೆ ಬಂದ ಜರ್ಮನ್ ಸಬ್‌ಮರೀನ್ ಇದಕ್ಕಿಂತ ಜೋರು. ಪಕ್ಕದ ಮನೆಯ ರಿಟೈರ್ಡ್ ಆರ್ಮಿ ಮಾವ ನೋಡಿ, "ಇದರಲ್ಲಿ ಅಟ್ಲಾಂಟಿಕ್ ದಾಟಿದ್ರಾ ಮಾರಾಯ!" ಅಂದರು.

ಬೇಜಾರು ಸ್ಟಿಕ್ಕರ್ ಹಾಳೆಯದ್ದು. ಬರೀ ಬ್ರಿಟನ್, ಕೆನಡಾ ಗುರುತು. ಇದೇ ಜಾತಿಯ ಹಡಗುಗಳು ಯುದ್ಧದ ಕೊನೆ ಹೊತ್ತಿಗೆ ಅಸ್ಸಾಂ, ಸಿಂಧ್ ಅನ್ನೋ ಹೆಸರಲ್ಲಿ ನಮ್ಮ ಆಗಿನ ರಾಯಲ್ ಇಂಡಿಯನ್ ನೇವಿಗೂ ಬಂದಿದ್ದವು, ಅಲ್ವಾ? ಇನ್ನೊಂದು ಬಗೆಯ ಬೆಂಗಾವಲು ಹಡಗು ಜಮ್ನಾ 1944ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಎರಡು ಹಡಗುಗಳ ಜೊತೆ ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಆರ್‌ಓ-110 ಸಬ್‌ಮರೀನ್ ಮುಳುಗಿಸಿತ್ತು. ಆರ್ಮಿ ಕಥೆ ಮನೆಮನೆಯಲ್ಲಿರುವ ನಮ್ಮ ಕೊಡಗಿನಲ್ಲೂ ಇದು ಗೊತ್ತಿರೋರು ಕಮ್ಮಿ.

ಜೋಡಿಸೋದಾದರೆ ಡಿಸೆಂಬರ್ ಆದಮೇಲೆ ಕೂರಿ. ಜುಲೈ ಮಳೆಯಲ್ಲಿ ಬಣ್ಣ ಒಣಗೋದೇ ಇಲ್ಲ, ಮುಟ್ಟಿದರೆ ಬೆರಳಚ್ಚು. ಬೇಗ ಒಣಗಲಿ ಅಂತ ಸುಮ್ನೆ ಒಲೆ ಹತ್ತಿರ ಇಡಬೇಡಿ, ಮಾಸ್ಟ್ ಬಾಗುತ್ತೆ. ಬಣ್ಣ, ಅಂಟು ಡಬ್ಬಿಯಲ್ಲಿ ಬರೋದಿಲ್ಲ, ಕಿಟ್ ಜೊತೆಗೇ ಆರ್ಡರ್ ಮಾಡಿ.