ಟ್ಯೂಡರ್ ಸಿಟಿಯಲ್ಲಿ ಎರಡು ಮನೆ ಒಂದು ಮಾಡುವುದು: ಬರೀ ಬಾಗಿಲು ಸಾಕಾ, ಗೋಡೆ ಪೂರ್ತಿ ತೆಗೀಬೇಕಾ?

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿರುವ ಟ್ಯೂಡರ್ ಸಿಟಿ ಅನ್ನುವ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಪಕ್ಕದ ಮನೆ ಮಾರಾಟಕ್ಕೆ ಬಂತು ಅಂದ್ರೆ ಗೋಡೆ ಒಡೆದು ಒಂದು ಮಾಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಮನೆಗಳು ಅಷ್ಟು ಚಿಕ್ಕವು. ಫ್ರೆಡ್ ಫ್ರೆಂಚ್ ಕಂಪನಿ 1920ರ ದಶಕದ ಕೊನೆಯಲ್ಲಿ ಇವನ್ನು ಕಟ್ಟಿದ್ದೇ ಮಿಡ್‌ಟೌನ್ ಅಂದರೆ ಮ್ಯಾನ್‌ಹ್ಯಾಟನ್‌ನ ನಡುಭಾಗದ ಆಫೀಸುಗಳಿಗೆ ನಡೆದು ಹೋಗುವವರಿಗಾಗಿ. ದೊಡ್ಡ ಟವರುಗಳಲ್ಲಿ ಬಹುಪಾಲು ಒಂದೇ ಕೋಣೆಯ ಮನೆಗಳು, ಮಡಚಿಡುವ ಮಂಚ, ಬೀರುವಿನಷ್ಟೇ ಅಡುಗೆಮನೆ. ಅಕ್ಕಪಕ್ಕದ ಎರಡು ಮನೆಗಳನ್ನು ಬಳಸುವ ಮೂರು ದಾರಿಗಳನ್ನೂ ನಾವು ಬದುಕಿ ನೋಡಿದ್ದೇವೆ. ಮನೆಯಲ್ಲಿ ಹಿರಿಯರಿದ್ದರೆ ನಡುಗೋಡೆಯಲ್ಲಿ ಬರೀ ಒಂದು ಬಾಗಿಲಿಡುವುದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲಿಗೆ ಎರಡನ್ನೂ ಹಾಗೇ ಬೇರೆಬೇರೆಯಾಗಿ ಇಟ್ಟುಕೊಂಡಿದ್ದೆವು. ಅತ್ತೆ ಮಾವ ಮೈಸೂರಿನಿಂದ ಬಂದರೆ ತಿಂಗಳುಗಟ್ಟಲೆ ಇರುತ್ತಾರೆ, ಅವರಿಗೆ ಪಕ್ಕದ ಮನೆ. ಖರ್ಚಿಲ್ಲ, ಪರ್ಮಿಟ್ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ರಾತ್ರಿ ಮಾವನಿಗೆ ಕೆಮ್ಮು ಜಾಸ್ತಿಯಾದರೂ ನಮಗೆ ಕೇಳಿಸುತ್ತಿರಲಿಲ್ಲ. ಅತ್ತೆ ಸಾರಿನ ಪಾತ್ರೆ ಹಿಡಿದು ಕಾರಿಡಾರಿಗೆ ಬಂದರೆ ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡು ಲಾಕ್ ಆಗುತ್ತಿತ್ತು, ಕೀ ಒಳಗೇ! ಅಪ್ಪ ಅಮ್ಮ ಪಕ್ಕದಲ್ಲೇ ಇದ್ದೂ ಪರಸ್ಥಳದವರ ಹಾಗೆ ಕದ ತಟ್ಟಬೇಕು ಅನ್ನುವುದು ನನ್ನ ಗಂಡನಿಗೆ ತುಂಬಾ ಬೇಜಾರಿನ ವಿಷಯವಾಗಿತ್ತು.

ಆಮೇಲೆ ಬಾಗಿಲು. ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದಿರಲಿ. ಗೋಡೆಯಲ್ಲಿ ಒಂದೇ ಒಂದು ಬಾಗಿಲಿಟ್ಟರೂ ನಗರದ ಲೆಕ್ಕದಲ್ಲಿ ಎರಡು ಮನೆ ಒಂದಾದ ಹಾಗೆ, ಆದ್ದರಿಂದ ಎರಡನೇ ಅಡುಗೆಮನೆ ಹೋಗಲೇಬೇಕು. 1997ರಿಂದ ಇಂಥ ಕೆಲಸಕ್ಕೆ ಕಟ್ಟಡದ ವಾಸಯೋಗ್ಯತಾ ಪತ್ರವನ್ನು ಹೊಸದಾಗಿ ಮಾಡಿಸಬೇಕಾಗಿಲ್ಲ, ಅದೊಂದು ದೊಡ್ಡ ಅನುಕೂಲ. ಆದರೂ ಕೋ-ಆಪ್ (ನಿವಾಸಿಗಳೇ ಷೇರುದಾರರಾಗಿ ಕಟ್ಟಡದ ಒಡೆತನ ಹೊಂದಿರುವ ಸಂಘ) ಬೋರ್ಡಿನ ಒಪ್ಪಿಗೆ, ಆರ್ಕಿಟೆಕ್ಟ್ ನಕ್ಷೆ, ಕಲ್ನಾರು ಇದೆಯಾ ಅಂತ ತಪಾಸಣೆ, ಲೈಸೆನ್ಸ್ ಇರುವ ಪ್ಲಂಬರ್ ಬಂದು ಗ್ಯಾಸ್ ಪೈಪಿನ ಬಾಯಿ ಮುಚ್ಚುವುದು, ಇವೆಲ್ಲ ಇದ್ದೇ ಇವೆ. ಟ್ಯೂಡರ್ ಸಿಟಿ 1988ರಿಂದ ಸಂರಕ್ಷಿತ ಐತಿಹಾಸಿಕ ಪ್ರದೇಶ, ಹಾಗಾಗಿ ಕೆಲಸ ಪೂರ್ತಿ ಒಳಗಿನದೇ ಆದರೂ ಹೊರಗಿನ ರೂಪಕ್ಕೆ ಧಕ್ಕೆ ಇಲ್ಲ ಅನ್ನುವ ಪತ್ರವನ್ನು ನಗರದ ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಲ್ಯಾಂಡ್‌ಮಾರ್ಕ್ಸ್ ಆಯೋಗದಿಂದ ತರಬೇಕು.

ಕಟ್ಟಡ ಉಕ್ಕಿನ ಚೌಕಟ್ಟಿನದು. ನಮ್ಮ ಎರಡು ಮನೆಗಳ ನಡುವಿನ ಗೋಡೆ ಭಾರ ಹೊರುತ್ತಿರಲಿಲ್ಲ. ಅದನ್ನು ಎಂಜಿನಿಯರ್ ನೋಡಿ ಹೇಳಬೇಕು, ಕಂಟ್ರಾಕ್ಟರ್ ಮಾತು ಸಾಲದು. ಬಾಗಿಲು ಎಲ್ಲಿ ಬರಬೇಕು ಅನ್ನುವುದು ಕೊನೆಗೆ ನಮ್ಮ ಕೈಯಲ್ಲಿರಲಿಲ್ಲ, ರೇಡಿಯೇಟರಿಗೆ ಹಬೆ ಒಯ್ಯುವ ಪೈಪು ಗೋಡೆಯಲ್ಲಿ ಎಲ್ಲಿದೆ ಅನ್ನುವುದು ಅದನ್ನು ತೀರ್ಮಾನಿಸಿತು, ಯಾಕೆಂದರೆ ಆ ಪೈಪು ಮೇಲಿನ ಕೆಳಗಿನ ಮನೆಗಳಿಗೂ ಹೋಗುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಧೂಳು ಒಂದು ಮನೆಯಲ್ಲೇ ನಿಂತಿತು, ನಾವು ಇನ್ನೊಂದರಲ್ಲಿ ಇದ್ದುಬಿಟ್ಟೆವು.

ಮೂರನೆಯದು ನಮ್ಮ ನಾದಿನಿಯ ಮನೆ, ಇಲ್ಲೇ ಇನ್ನೊಂದು ಟವರಿನಲ್ಲಿ. ಅವರು ಗೋಡೆ ಪೂರ್ತಿ ತೆಗೆಸಿ ಒಂದೇ ಹಾಲ್ ಮಾಡಿದ್ದಾರೆ. ಒಂದು ಚಳಿಗಾಲ ಅವರು ಊರಿಗೆ ಹೋದಾಗ ನಾವೆಲ್ಲ ಅಲ್ಲೇ ಇದ್ದೆವು. ನಿಜ ಹೇಳಬೇಕೆಂದರೆ ಬೆಳಕು ಅಂದ್ರೆ ಅದು. ಟ್ಯೂಡರ್ ಸಿಟಿಯ ಪೂರ್ವದ ಟವರುಗಳಿಗೆ ಈಸ್ಟ್ ನದಿಯ ಕಡೆ ಕಿಟಕಿಗಳೇ ಕಡಿಮೆ. ಕಟ್ಟುವಾಗ ಆ ಕಡೆ ಕಸಾಯಿಖಾನೆಗಳಿದ್ದವು, ಈಗ ಅಲ್ಲಿ ವಿಶ್ವಸಂಸ್ಥೆ ಇದೆ. ಹಾಗಾಗಿ ಇರುವ ಕಿಟಕಿಗಳ ಬೆಳಕೆಲ್ಲ ಒಂದೇ ಹಾಲಿಗೆ ಬಂದರೆ ಮನೆ ಬೇರೆಯೇ ಕಾಣುತ್ತದೆ. ಮಗಳು ಈ ತುದಿಯಿಂದ ಆ ತುದಿಗೆ ಓಡಿದ್ದೇ ಓಡಿದ್ದು.

ಆದರೆ ಖರ್ಚು ನಮ್ಮದರ ಮೂರು ಪಟ್ಟು. ಎರಡು ಮನೆಗಳ ಮರದ ನೆಲ ಒಂದೇ ಮಟ್ಟದಲ್ಲಿರಲಿಲ್ಲ, ಎಲ್ಲ ಕಿತ್ತು ಹೊಸದಾಗಿ ಹಾಕಿಸಬೇಕಾಯಿತು. ಅಡುಗೆಮನೆಯನ್ನು ಕಿಟಕಿ ಹತ್ತಿರ ತರಬೇಕು ಅಂತಿದ್ದರು, ಬೋರ್ಡ್ ಬಿಡಲಿಲ್ಲ. ಕೆಳಗಿನವರ ಮಲಗುವ ಕೋಣೆಯ ಮೇಲೆ ನೀರಿನ ಜಾಗ ಬರಬಾರದು ಅನ್ನುವ ನಿಯಮ ನ್ಯೂಯಾರ್ಕಿನ ಕೋ-ಆಪ್‌ಗಳಲ್ಲಿ ಸಾಮಾನ್ಯ. ಹೀಗಾಗಿ ಅಡುಗೆ ಕಿಟಕಿ ಇಲ್ಲದ ಮೂಲೆಯಲ್ಲೇ ಉಳಿಯಿತು, ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹಾಸಿಗೆವರೆಗೂ ಘಾಟು. ಅತ್ತೆ ಬೆಳಗಿನ ಜಾವ ಎದ್ದು ಸುಪ್ರಭಾತ ಹಾಕಿದರೆ ಎಲ್ಲರೂ ಎದ್ದ ಹಾಗೇ, ಮಾವ ಎಂಟಕ್ಕೆ ಮಲಗಿದರೆ ಎಲ್ಲರೂ ಪಿಸುಮಾತು. ಪಾಪ, ಅವರಿಗೂ ಸಂಕೋಚ.

ನಮ್ಮ ಮನೆಯಲ್ಲಿ ಆ ಬಾಗಿಲು ಹಗಲೆಲ್ಲ ತೆರೆದಿರುತ್ತದೆ, ರಾತ್ರಿ ಅರ್ಧ ಮುಚ್ಚುತ್ತೇವೆ. ಕೆಮ್ಮು ಕೇಳಿಸುತ್ತದೆ, ಟಿವಿ ಕೇಳಿಸುವುದಿಲ್ಲ. ಹಿರಿಯರು ಬಂದು ಇರುವ ಮನೆಗೆ ನನಗೆ ಇದಕ್ಕಿಂತ ಒಳ್ಳೆಯದು ಕಂಡಿಲ್ಲ. ಬರೀ ಗಂಡ ಹೆಂಡತಿ ಚಿಕ್ಕ ಮಕ್ಕಳು ಇರುವವರು, ಕೈಯಲ್ಲಿ ದುಡ್ಡಿದ್ದರೆ, ನಾದಿನಿಯ ಹಾಗೆ ಮಾಡಿಸಲಿ, ಆ ಬೆಳಕಿಗೆ ಬೆಲೆ ಇದೆ.

ಯಾವುದೇ ಮಾಡಿಸಿ, ಮೊದಲು ನಿಮ್ಮ ಮನೆಯ ನೇರಕ್ಕೆ ಮೇಲಿನ ಅಥವಾ ಕೆಳಗಿನ ಮಹಡಿಗಳಲ್ಲಿ ಈಗಾಗಲೇ ಒಂದು ಮಾಡಿಸಿದವರ ಮನೆಗೆ ಹೋಗಿ ನೋಡಿ. ಪೈಪುಗಳು ಎಲ್ಲ ಮಹಡಿಯಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇರುತ್ತವೆ. ಕಾರಿಡಾರಿನ ಎರಡನೇ ಬಾಗಿಲನ್ನೂ ಮುಚ್ಚಿಸಬೇಡಿ, ಬೆಂಕಿ ಬಿದ್ದರೆ ಹೊರಗೆ ಹೋಗಲು ಇನ್ನೊಂದು ದಾರಿ ಇರುತ್ತದೆ.